ಮಾತಿನ ಡಬ್ಬಿಗೆ ಮುಚ್ಚಳ

ಉಮ್ಮತ್ತೂರು
12 ಜೂನ್ 2024

ಜಯನಿಗೆ ಅಕ್ಕ ನೀಲಾವತಿ ಬರೆಯುವುದು.

ನಾವೆಲ್ಲ ಕ್ಷೇಮ ಅಂದರೆ ಸುಳ್ಳಾಗುತ್ತದೆ, ಕ್ಷೇಮವಿಲ್ಲ ಅಂದರೆ ನೀನು ಅನ್ನ ಬಿಡುತ್ತೀಯ. ಅದಕ್ಕೇ ನೇರವಾಗಿ ಡಬ್ಬಿಯ ಮಾತಿಗೆ ಬರುತ್ತೇನೆ.

ನೀನು ಮಾಡಿ ಕಳಿಸಿದ ಮಾತಿನ ಡಬ್ಬಿ ಮೊನ್ನೆ ಬಂತು. ಪೋಸ್ಟಿನ ಚಿಕ್ಕಮಾದು ಪಾರ್ಸಲ್ ಅಲ್ಲಾಡಿಸಿ, "ಏನಕ್ಕಾ, ಗುಂಡ್ಲುಪೇಟೆಯಿಂದ ಸೋಪು ತರಿಸ್ಕಂಡಿದ್ದೀಯ?" ಅಂದ. ಸೋಪಿನ ಡಬ್ಬಿಯೊಳಗೆ ನನ್ನ ತಮ್ಮ ಮಾತು ತುಂಬಿ ಕಳಿಸಿದ್ದಾನೆ ಅಂತ ಹೇಳಲು ನನಗೆಲ್ಲಿದೆ ನಾಲಿಗೆ? ಅವನ ಎದುರಿಗೇ ಬಿಚ್ಚಿ ಮೊದಲನೇ ಬಟನ್ ಒತ್ತಿದೆ. "ನೀರು ಕೊಡಿ" ಅಂತ ಒಳಗಿನಿಂದ ನೀನು ಕೂಗಿದೆ. ಅವನು ಸಹಿ ಹಾಕಿಸಿಕೊಳ್ಳುವುದನ್ನೂ ಮರೆತು ಜಗಲಿ ಇಳಿದ.

ನಿಮ್ಮ ಭಾವ ಕೊಟ್ಟಿಗೆಯಲ್ಲಿದ್ದರು. "ಇಲ್ಲಿ ಬನ್ನಿ" ಅನ್ನೋದನ್ನು ಒತ್ತಿದರೆ ಕೈ ತೊಳೆಯದೆ ಓಡಿ ಬಂದು, "ಯಾವಾಗ ಬಂದ್ಯಪ್ಪಾ ಜಯ? ಏಳ್ದೇ ಕೇಳ್ದೇ ಬಂದ್ಬುಟ್ಟಿದ್ದೀಯ!" ಅಂತ ನಡುಮನೆಯೆಲ್ಲ ಹುಡುಕಿದರು. ನಾನು ನಕ್ಕು ಬಹಳ ದಿನವಾಗಿತ್ತು ಕಣೋ. ನಗುವುದಕ್ಕೆ ಸದ್ದೇನೂ ಬೇಕಿಲ್ಲ ನೋಡು.

"ಗಂಡಸಿನ ದನಿ ಚೆನ್ನಾಗಿಲ್ಲ ಅಂದ್ರೆ ಬೃಂದಾ ಹತ್ರ ಹೇಳಿಸಿ ಹಾಕ್ತೀನಿ" ಅಂತ ಚೀಟಿ ಇಟ್ಟಿದ್ದೀಯ. ಬೇಡ. ನಿನ್ನ ಮಗಳ ದನಿ ಬಂಗಾರದಂಥದ್ದೇ. ಆದರೆ ನೀನಂತೂ ಈ ಕಡೆ ತಲೆ ಹಾಕುವುದಿಲ್ಲ, ನಿನ್ನ ಗಂಟಲಾದರೂ ಈ ಮನೆಯಲ್ಲಿರಲಿ.

ಒಂದೇ ದೂರು. ನಿನ್ನೆ ಡಬ್ಬಿ ಕೈಜಾರಿ ಸಿಮೆಂಟ್ ನೆಲಕ್ಕೆ ಬಿತ್ತು. ಒಗ್ಗರಣೆ ಹಾಕಿದ ಎಣ್ಣೆ ಕೈ. ಮೂಲೆ ಸೀಳಿದೆ, ಈಗ ನಿನ್ನ ಮಾತಿನ ಜೊತೆ ಗರಗರ ಅನ್ನುತ್ತದೆ. ಬಿದ್ದರೂ ಏಟಾಗದಂಥ ಗಟ್ಟಿ ಕವಚ ಒಂದು ಮಾಡಿಕೊಡು.

ಫೋನು ಮಾಡಿ "ಹೂಂ ಅನ್ನಕ್ಕಾ, ಹೂಂ ಆದ್ರೂ ಅನ್ನು" ಅಂತ ಅಳುವುದನ್ನು ನಿಲ್ಲಿಸು. ಒಬ್ಬರೇ ಮಾತಾಡುವ ಫೋನು ರೇಡಿಯೋ ಆಯಿತು. ವಾಟ್ಸಾಪಿನಲ್ಲಿ ವಾಯ್ಸ್ ಕಳಿಸು ಅಂತೀಯಲ್ಲ, ಯಾವ ವಾಯ್ಸ್ ಕಳಿಸಲಿ? ಅಂಗನವಾಡಿಯಲ್ಲಿ ಊರಿನ ಅರ್ಧ ಮಕ್ಕಳಿಗೆ ಅ ಆ ತಿದ್ದಿಸಿದ ಕೈ ಇದು. ಕಾಗದ ಬರೆದರೆ ಮಾತಾಡಿದ ಹಾಗೇ ಇರುತ್ತದೆ. ನೀನೂ ಬರಿ. ಮೈಸೂರಿನ ಡಾಕ್ಟರು, ಈ ನರದ ಕಾಯಿಲೆ ಮೊದಲು ನಾಲಿಗೆಗೆ ಬಂದಿದೆ ಅಂದರು. ಆಮೇಲಿನದು ಆಮೇಲೆ.

ಅಕ್ಕ


ಗುಂಡ್ಲುಪೇಟೆ
20 ಜೂನ್ 2024

ಅಕ್ಕನಿಗೆ ಜಯನ ನಮಸ್ಕಾರ.

ಎಣ್ಣೆ ಕೈಯಲ್ಲಿ ಬೀಳಿಸಿ ಡಬ್ಬಿಯನ್ನು ಬೈಯುವವಳು ನೀನೊಬ್ಬಳೇ. ಆಗಲಿ. ಈ ಸಲ ಕಳಿಸಿರುವ ಕವಚವನ್ನು ನೀನು ಬೇಕಂತಲೇ ಎಸೆದರೂ ಏನೂ ಆಗುವುದಿಲ್ಲ. ಬೋರ್‌ವೆಲ್ಲಿಗೆ ಹಾಕುವ ದಪ್ಪ ಪೈಪಿನ ತುಂಡನ್ನು ಕಾಯಿಸಿ, ಚಪ್ಪಟೆ ಮಾಡಿ, ಒಳಗೆ ನಾಲ್ಕೂ ಕಡೆ ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸಿ ಅಂಟಿಸಿದ್ದೀನಿ. ಹೊಸ ಚಪ್ಪಲಿ ಕಣಕ್ಕ, ಮುಖ ಸಿಂಡರಿಸಬೇಡ.

ಅಂಗಡಿಯ ಅಟ್ಟದಿಂದ ರಸ್ತೆಗೆ ಎಸೆದು ನೋಡಿದೆ. ಅಷ್ಟರಲ್ಲಿ ಸುಲ್ತಾನ್ ಬತ್ತೇರಿಯ ಕಡೆ ಹೊರಟಿದ್ದ ತರಕಾರಿ ಲಾರಿಯ ಡ್ರೈವರ್ ಎತ್ತಿಕೊಂಡು, "ಇದೆಂದಾ ಚೇಟ್ಟಾ, ಏನಣ್ಣಾ ಇದು?" ಅಂತ ಎಲ್ಲೋ ಒತ್ತಿದ. "ನನಗೆ ನೋವಾಗ್ತಿದೆ" ಅಂತು. ಅವನು ಬಿಸಿ ಇಡ್ಲಿ ಮುಟ್ಟಿದವನ ಹಾಗೆ ಕೈಬಿಟ್ಟ. ಆವಾಗಲೂ ಒಡೆಯಲಿಲ್ಲ!

ಬರಬೇಕು ಅಂತಲೇ ಇದ್ದೀನಿ. ಈಗ ಸುಟ್ಟುಹೋದ ಪಂಪಿನ ಮೋಟಾರುಗಳು ಅಂಗಡಿಯ ಬಾಗಿಲವರೆಗೂ ಬಿದ್ದಿವೆ, ವೈಂಡಿಂಗ್ ಮಾಡಿ ಕೊಡದಿದ್ದರೆ ರೈತರು ನನ್ನನ್ನೇ ಬಾವಿಗೆ ಇಳಿಸುತ್ತಾರೆ. ಆಷಾಢ ಕಳೆಯಲಿ. ಅಲ್ಲಿಯವರೆಗೆ ಒಂದು ಕೆಲಸ ಮಾಡು. ಹಾಳೆಯ ಮೇಲೆ ಬಲಗೈ ಇಟ್ಟು, ಸುತ್ತ ಪೆನ್ಸಿಲಿನಲ್ಲಿ ಗೀಚಿ ಕಳಿಸು. ಕೈಯ ಅಳತೆ ಸಿಕ್ಕರೆ ಮುಂದಿನದನ್ನು ಅಳತೆಗೆ ತಕ್ಕಂತೆ ಮಾಡುತ್ತೀನಿ.

ಭಾವನಿಗೆ ನಮಸ್ಕಾರ ಹೇಳು. ಹೇಳು ಅಂದೆನಲ್ಲ, ತಪ್ಪಾಯ್ತು. ತೋರಿಸು.

ನಿನ್ನ ತಮ್ಮ
ಮೃತ್ಯುಂಜಯ


ಉಮ್ಮತ್ತೂರು
8 ಜುಲೈ 2024

ಜಯ,

ಎಸೆದರೂ ಒಡೆಯಲ್ಲ, ನಿಜ. ನಿಮ್ಮ ಭಾವ ಅದರಲ್ಲಿ ಕಡಲೆಕಾಯಿ ಜಜ್ಜಿ ನೋಡಿದರು. ಕಡಲೆಕಾಯಿ ಹಿಟ್ಟಾಯಿತು, ಡಬ್ಬಿ "ಊಟ ಆಯ್ತಾ" ಅಂದಿತು.

ಆದರೆ ಕೈಯಲ್ಲಿ ನಿಲ್ಲುವುದಿಲ್ಲ ಜಯ. ಹಿಡಿದುಕೊಂಡೇ ಇರುತ್ತೇನೆ, ನೋಡಿದರೆ ಮಡಿಲಲ್ಲಿ ಬಿದ್ದಿರುತ್ತದೆ. ಬಹಳ ಭಾರ ಮಾಡಿಬಿಟ್ಟೆ. ಬಟನ್ನುಗಳೂ ಸೋಪಿನ ಡಬ್ಬಿಯಲ್ಲಿದ್ದವಕ್ಕಿಂತ ಗಟ್ಟಿಯಾಗಿವೆ. ಚೂರು ಮೆತ್ತಗಿನವು ಹಾಕು.

ಕೈಯ ಚಿತ್ರ ಇದರ ಜೊತೆ ಇದೆ. ಹೆಬ್ಬೆರಳು ಸರಿಯಾಗಿ ಬಿಚ್ಚಿಲ್ಲ, ಗೀಚುವಾಗ ಹಾಳೆ ಜರುಗಿತು.

ಇನ್ನೊಂದು ಯೋಚನೆ ಬಂತು. ಕೈಯಲ್ಲಿ ಹಿಡಿಯುವ ಬದಲು ಕೊರಳಿಗೇ ಕಟ್ಟಿಬಿಡಬಾರದೇಕೆ? ಅವ್ವ ಕೊಟ್ಟ ಲಿಂಗದ ಕರಡಿಗೆ ಕೊರಳಲ್ಲಿ ಹೇಗೂ ಇದೆ. ಅದರ ಪಕ್ಕ ಇದೂ ಒಂದು ಕರಡಿಗೆ. ಶಿವ ಒಂದರಲ್ಲಿ, ತಮ್ಮ ಇನ್ನೊಂದರಲ್ಲಿ. ಶಿವ ಮಾತಾಡುವುದಿಲ್ಲ, ನೀನು ಬಾಯಿ ಮುಚ್ಚುವುದಿಲ್ಲ.

ಅಂಗನವಾಡಿಗೆ ರಜೆ ಬರೆದುಕೊಟ್ಟೆ. ಮಕ್ಕಳಿಗೆ ಟೀಚರ ಸೊಂಟದಿಂದ ಗಂಡಸು ಮಾತಾಡುವುದೇ ಆಟವಾಗಿತ್ತು. ನನಗೇ ಆಗಲಿಲ್ಲ.

ಆಷಾಢ ಈಗಷ್ಟೇ ಶುರುವಾಗಿದೆ, ಗೊತ್ತು.

ಅಕ್ಕ


ಗುಂಡ್ಲುಪೇಟೆ
19 ಜುಲೈ 2024

ಅಕ್ಕಾ,

ಬಟನ್ ಗಟ್ಟಿ ಅಂತ ಬರೆದಿದ್ದೀಯ. ಅವು ಸೋಪಿನ ಡಬ್ಬಿಯಲ್ಲಿದ್ದಂಥ ಬಟನ್ನುಗಳೇ ಕಣಕ್ಕ, ನಾನು ಬದಲಾಯಿಸಿಯೇ ಇಲ್ಲ. ನಿನ್ನ ಗುಣ ನನಗೆ ಗೊತ್ತಿಲ್ಲವೇ? ಸೀರೆ ಅಂಗಡಿಯವನು ಇಡೀ ಅಂಗಡಿ ಕೆಡವಿದರೂ ಅಂಚು ಸರಿಯಿಲ್ಲ ಅಂತ ಎದ್ದು ಬರುವವಳು. ಅವ್ವ ಹೇಳುತ್ತಿರಲಿಲ್ಲವೇ, "ನಮ್ ನೀಲಾಗೆ ಗಂಡು ಒಪ್ಪಿದ್ದೇ ಆ ಮಾದಪ್ಪನ ಪವಾಡ" ಅಂತ?

ಇರಲಿ, ಅಕ್ಕ ಕೇಳಿದ ಮೇಲೆ ಮಾಡಲೇಬೇಕು. ಹಳೆಯ ಹೆಲ್ಮೆಟ್ಟಿನ ಒಳಗೆ ಇರುತ್ತದಲ್ಲ ಬೆಂಡಿನಂಥದ್ದು, ಅದನ್ನು ಕಡೆದು ಕವಚ ಮಾಡಿದ್ದೀನಿ. ತಲೆ ಕಾಯುವುದು ಡಬ್ಬಿ ಕಾಯದೇ ಇರುತ್ತದೆಯೇ? ಮೇಲೆ ಕೊಡೆಯ ಬಟ್ಟೆ ಹೊಲಿಸಿದ್ದೀನಿ, ನೀರು ಗಂಜಿ ಚೆಲ್ಲಿದರೂ ಇಳಿಯುವುದಿಲ್ಲ. ಕೊರಳಿಗೆ ಪಟ್ಟಿ ಇದೆ. ಆರು ಬಟನ್ ಇದ್ದ ಜಾಗದಲ್ಲಿ ನಾಲ್ಕು ದೊಡ್ಡವು. "ಊಟ ಆಯ್ತಾ" ಮತ್ತು "ಬಾಗಿಲು ಹಾಕಿ" ತೆಗೆದೆ. ಊಟ ಆಯಿತೋ ಇಲ್ಲವೋ ಯಾರನ್ನು ಕೇಳುತ್ತೀಯ, ಬಡಿಸುವವಳು ನೀನೇ ತಾನೆ.

ಕೈಯ ಚಿತ್ರದಲ್ಲಿ ಹೆಬ್ಬೆರಳು ಮುದುರಿದೆ. ಇನ್ನೊಮ್ಮೆ ನೆಟ್ಟಗೆ ಗೀಚಿ ಕಳಿಸು.

ಈಗ ಚೆಂಡುಹೂವಿನ ಹೊಲ ನೋಡಲು ಕೇರಳದವರು ಕಾರುಗಟ್ಟಲೆ ಬರುತ್ತಿದ್ದಾರೆ. ಅವರ ಸ್ಪೀಕರು, ಚಾರ್ಜರು ಅಂತ ಕೈತುಂಬ ಕೆಲಸ. ಓಣಂ ಮುಗಿದ ಮೇಲೆ ಖಂಡಿತ ಬರ್ತೀನಿ.

ಜಯ


ಉಮ್ಮತ್ತೂರು
14 ಆಗಸ್ಟ್ 2024

ಜಯ,

ಹಗುರ ಇದೆ. ಚೆನ್ನಾಗಿದೆ. ಕೈಯ ಚಿತ್ರ ಇಟ್ಟಿದ್ದೇನೆ. ಇದರ ಅಳತೆಗೆ ಮಾಡು. ಬಟನ್ ಇನ್ನೂ ದೊಡ್ಡದು ಇರಲಿ.

ಅಕ್ಕ


ಗುಂಡ್ಲುಪೇಟೆ
22 ಆಗಸ್ಟ್ 2024

ಅಕ್ಕಾ,

ಏನಿದು ನಿನ್ನ ಕಾಗದ, ತಂತಿ ಕೊಟ್ಟ ಹಾಗೆ! ಅಕ್ಷರವೋ, ಕಾಗೆ ಕಾಲು ಗುಬ್ಬಿ ಕಾಲು. ಅಂಗನವಾಡಿ ಮಕ್ಕಳ ಕೈಲಿ ಬರೆಸಿದೆಯಾ? ನನ್ನ ಮೇಲೆ ಕೋಪ ಇದ್ದರೆ ನಾಲ್ಕು ಸಾಲು ಬೈದು ಬರಿ, ಹೀಗೆ ಅರ್ಧ ಹಾಳೆ ಖಾಲಿ ಬಿಡಬೇಡ. ಬಂದಿಲ್ಲ ಅಂತ ಕೋಪ ತಾನೆ?

ಕೈಯ ಚಿತ್ರ ನೋಡಿ ಬೃಂದಾ ಬಿದ್ದು ಬಿದ್ದು ನಕ್ಕಳು. ಅಂಗೈ ಮೇಲೆ ಮಾಡಿ ಇಟ್ಟು ಗೀಚಿದ್ದೀಯ, ಹೆಬ್ಬೆರಳು ಆ ಕಡೆಗೆ ಹೋಗಿದೆ. ಯಾರಾದರೂ ಹಾಗೆ ಇಡುತ್ತಾರಾ? ಪರವಾಗಿಲ್ಲ, ನಾನು ಹಾಳೆ ಮಗುಚಿ ಬಲಗೈಗೆ ಸರಿಮಾಡಿಕೊಂಡೆ. ನಿನ್ನ ಬೆರಳು ಒಂದೊಂದೂ ಕೂರುವ ಹಾಗೆ ಹಳ್ಳ ತೋಡಿದ್ದೀನಿ. ಹಿಡಿದರೆ ಅದೇ ನಿನ್ನ ಕೈ ಹಿಡಿದುಕೊಳ್ಳುತ್ತದೆ. ಇಷ್ಟು ಚೆನ್ನಾಗಿ ನನ್ನ ಜನ್ಮದಲ್ಲಿ ಏನನ್ನೂ ಮಾಡಿಲ್ಲ. ಇದನ್ನಾದರೂ ಒಪ್ಪಿಕೋ ತಾಯಿ.

ಜಯ


ಉಮ್ಮತ್ತೂರು
10 ಸೆಪ್ಟೆಂಬರ್ 2024

ಜಯ,

ಈ ಕಾಗದ ದಿನಕ್ಕೆರಡು ಸಾಲಿನಂತೆ ಬರೆದಿದ್ದು. ತಾಳ್ಮೆಯಿಂದ ಓದು.

ಅದು ಎಡಗೈ.

ಅಂಗೈ ಮೇಲೆ ಮಾಡಿ ಇಟ್ಟಿರಲಿಲ್ಲ. ಬಲಗೈ ಬಿಚ್ಚುವುದು ನಿಂತು ಹೋಗಿದೆ. ಎಡಗೈಯನ್ನು ನಾನು ಇಟ್ಟೆ, ನಿಮ್ಮ ಭಾವ ಗೀಚಿದರು. ಕಾಗದವನ್ನೂ ಎಡಗೈಯಲ್ಲೇ ಬರೆದೆ. ಅವರು "ಜಯಂಗೆ ಏಳ್ಬುಡು ಕಣಮ್ಮಿ" ಅಂದರು. ನಾನೇ ಬೇಡ ಅಂದೆ.

ಡಬ್ಬಿಯಲ್ಲಿ ಯಾವ ತಪ್ಪೂ ಇರಲಿಲ್ಲ. ಸೋಪಿನದೂ ಚೆನ್ನಾಗಿತ್ತು, ಪೈಪಿನದೂ ಚೆನ್ನಾಗಿತ್ತು. ಎಣ್ಣೆ ಕೈ ಅಂದದ್ದು ಸುಳ್ಳು. ನಾಲಿಗೆ ಆದ ಮೇಲೆ ಕೈ ಅಂತ ಡಾಕ್ಟರು ಆಗಲೇ ಹೇಳಿದ್ದರು. ನೀನು ಹೊಸ ಕವಚ ಮಾಡಿದಾಗೆಲ್ಲ ಮಗುವಿನ ಹಾಗೆ ಕುಣಿದು ಬರೆಯುತ್ತಿದ್ದೆ. ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ. ನೀನು ಮಾಡುತ್ತಿರುವವರೆಗೆ ಏನೋ ಮಾಡುವುದಕ್ಕೆ ಇದೆ ಅಂತ ನನಗೂ ಅನ್ನಿಸುತ್ತಿತ್ತು.

ಈಗ ಎಡಗೈಯ ಬೆರಳೂ ಸೋಲುತ್ತಿವೆ. ಮುಷ್ಟಿಯನ್ನು ಡಬ್ಬಿಯ ಮೇಲೆ ಬೀಳಿಸಬಲ್ಲೆ, ಅಷ್ಟು ಬಲ ಇದೆ. ಇನ್ನು ನಾಲ್ಕು ಬಟನ್ ಬೇಡ. ಒಂದೇ ಇರಲಿ.

ಯಾವ ಮಾತು ಅಂತ ಕೇಳುತ್ತೀಯ. ನೀರಿಗೆ, ನೋವಿಗೆ ಮುಖ ಸಾಕು, ಅವರಿಗೆ ತಿಳಿಯುತ್ತದೆ. "ಬುಡು" ಅನ್ನೋದನ್ನು ಹಾಕು. ಅಂಗನವಾಡಿಯಲ್ಲಿ ಮಕ್ಕಳು ಬುಡು ಅಂದರೆ ಬಿಡು ಅಂತ ತಿದ್ದುತ್ತಿದ್ದೆ. ಈಗ ಯೋಚಿಸಿದರೆ ನಮ್ಮ ಭಾಷೆಯಲ್ಲಿ ಇದೊಂದು ಇದ್ದರೆ ಸಂಸಾರ ನಡೆಯುತ್ತದೆ. ನಲ್ಲಿ ಬುಡು. ಹಸುಗೆ ಕರ ಬುಡು. ಮಲಗಿಸ್ಬುಡು. ಎತ್ತಿ ಕೂರಿಸ್ಬುಡು. ಅಳಬೇಡಿ, ಬುಡಿ. ನನ್ನ ಪಾಡಿಗೆ ನನ್ನ ಬುಡು. ನಾನು ಒತ್ತುತ್ತೇನೆ, ಅವರು ನನ್ನ ಮುಖ ನೋಡಿ ಯಾವುದು ಅಂತ ತಿಳಿದುಕೊಳ್ಳುತ್ತಾರೆ.

ಇನ್ನು ಬರೆಯಲಾರೆ ಅನ್ನಿಸುತ್ತದೆ. ಬೈಯುವುದು ಬಾಕಿ ಇದೆ, ನೀನೇ ಬೈದುಕೋ.

ಅಕ್ಕ


ಗುಂಡ್ಲುಪೇಟೆ
18 ಸೆಪ್ಟೆಂಬರ್ 2024

ಅಕ್ಕಾ,

ನಿನ್ನ ಕಾಗದ ಓದಿ ಅಂಗಡಿಯ ಬಾಗಿಲು ಎಳೆದುಕೊಂಡು ಒಳಗೇ ಕೂತಿದ್ದೆ. ನಿನ್ನ ಅಕ್ಷರಕ್ಕೆ ಕಾಗೆ ಕಾಲು ಅಂದೆನಲ್ಲ, ನನ್ನ ನಾಲಿಗೆ ಬಿದ್ದುಹೋಗಬೇಕಿತ್ತು. ಅಯ್ಯೋ, ಇದನ್ನೂ ಬರೆಯಬಾರದಿತ್ತು. ಹೊಡೆದು ಹಾಕಿದರೆ ಇನ್ನೂ ಎದ್ದು ಕಾಣುತ್ತದೆ, ಹಾಗೇ ಬಿಟ್ಟಿದ್ದೀನಿ.

ಡಬ್ಬಿ ಕಳಿಸಿದ್ದೀನಿ. ಬೆರಳೇ ಬೇಡ. ನಿನ್ನ ಕರಡಿಗೆಯ ಹಾಗೆ ಗುಂಡಗಿದೆ, ಮುಚ್ಚಳವೇ ಬಟನ್ನು. ಮುಷ್ಟಿ, ಮೊಣಕೈ, ಯಾವುದು ಎಲ್ಲಿ ತಗುಲಿದರೂ ಮುಚ್ಚಳ ಕೂತು ಮಾತಾಡುತ್ತದೆ. ಹೊದಿಕೆಯ ಒಳಗಿದ್ದರೂ ಕೇಳಲಿ ಅಂತ ಸ್ಪೀಕರ್ ದೊಡ್ಡದು ಹಾಕಿದೆ.

ಆ ಮಾತನ್ನು ರೆಕಾರ್ಡ್ ಮಾಡಲು ಒಂದು ದಿನ ಹಿಡಿಯಿತು. ಒಂದು ಸಲ ಹೇಳಿದರೆ ಕೋಪ ಮಾಡಿಕೊಂಡ ಹಾಗಿತ್ತು. ಇನ್ನೊಂದು ಸಲ ಬೇಡಿಕೊಂಡ ಹಾಗೆ. ಮತ್ತೊಂದು ಸಲ, ಸಾಕಪ್ಪಾ ಸಾಕು ಅಂದ ಹಾಗೆ. ಯಾವುದನ್ನು ಹಾಕಲಿ? ನೀನು ಎಲ್ಲದಕ್ಕೂ ಬಳಸಬೇಕಲ್ಲ. ಕೊನೆಗೆ ಯಾವ ಭಾವನೆಯೂ ಇಲ್ಲದೆ, ಬಸ್ಸಿನ ಕಂಡಕ್ಟರ್ ಊರಿನ ಹೆಸರು ಕೂಗಿದ ಹಾಗೆ ಸಪ್ಪಗೆ ಹೇಳಿದ್ದನ್ನು ಹಾಕಿದ್ದೀನಿ. ಯಾವುದಕ್ಕಾದರೂ ಹೊಂದಿಕೊಳ್ಳುತ್ತದೆ.

ಓಣಂ ಮುಗಿಯಿತು. ನೆಪವೂ ಮುಗಿಯಿತು. ನಿಜ ಹೇಳ್ತೀನಿ ಅಕ್ಕ, ಮೋಟಾರೂ ಇಲ್ಲ ಸ್ಪೀಕರೂ ಇಲ್ಲ, ನಿನ್ನನ್ನು ನೋಡಲು ನನಗೆ ಭಯ. ಮಾತಿಗೆ ಮಾತು ಕೊಡುತ್ತಿದ್ದ ಅಕ್ಕ ಸುಮ್ಮನೆ ಕೂತಿರುವುದನ್ನು ನಾನು ಹೇಗೆ ನೋಡಲಿ? ಇಲ್ಲಿದ್ದರೆ ಕೈಯಲ್ಲಿ ಸ್ಕ್ರೂಡ್ರೈವರ್ ಇರುತ್ತದೆ. ಅಲ್ಲಿ ಬಂದು ಏನು ಹಿಡಿದುಕೊಳ್ಳಲಿ?

ಆಯುಧಪೂಜೆಗೆ ಅಂಗಡಿ ಪೂಜೆ ಮುಗಿಸಿ ಬಸ್ಸು ಹತ್ತುತ್ತೀನಿ. ಮಾದಪ್ಪನಾಣೆ.

ಜಯ


ಚಾಮರಾಜನಗರ, ಆಸ್ಪತ್ರೆ
9 ಅಕ್ಟೋಬರ್ 2024

ಜಯನಿಗೆ ಭಾವ ಮಹಾಲಿಂಗ ಬರೆಯುವುದು.

ನನಗೆ ನಿಮ್ಮಕ್ಕನ ಹಾಗೆ ಬರೆಯಲು ಬರುವುದಿಲ್ಲ. ಫೋನು ಮಾಡೋಣ ಅಂತ ಎಷ್ಟೋ ಸಲ ತೆಗೆದೆ. ಫೋನು ಎತ್ತಿದ ಕೂಡಲೇ ನೀನು "ಡಬ್ಬಿ ಹೇಗಿದೆ ಭಾವ" ಅಂತ ಕೇಳುತ್ತೀಯ. ಅದಕ್ಕೇ ಮತ್ತೆ ಇಟ್ಟುಬಿಟ್ಟೆ. ಪಕ್ಕದ ಹಾಸಿಗೆಯವರ ಮಗ ಸೋಮಶೇಖರ್ ನಿಮ್ಮೂರಿನವರು, ಇವತ್ತು ಹೊರಟಿದ್ದಾರೆ. ಅವರ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೀನಿ.

ಮೊದಲು ಇದನ್ನು ತಿಳಿದುಕೋ, ಅಕ್ಕ ಇದ್ದಾಳೆ.

ಹೋದ ವಾರ ಗಂಜಿ ಕುಡಿಸುವಾಗ ನೆತ್ತಿಗೆ ಹತ್ತಿತು. ಆಮೇಲೆ ಉಸಿರೇ ಸರಿಹೋಗಲಿಲ್ಲ. ಸಂತೆಮರಹಳ್ಳಿ ಮೇಲೆ ಇಲ್ಲಿಗೆ ಕರೆತಂದೆ. ಬಂದ ಕೂಡಲೇ ಮುಖಕ್ಕೆ ಮಾಸ್ಕ್ ಹಾಕಿದರು. ಡಾಕ್ಟರು ಒಳ್ಳೆಯವರು, ನಿಂತು ಹೇಳಿದರು. "ಗಂಟಲಿಗೆ ಪೈಪ್ ಹಾಕಿ ಮಿಷನ್‌ಗೆ ಕೊಡ್ಬೇಕು. ಈ ಕಾಯಿಲೇಲಿ ಒಂದ್ಸಲ ಕೊಟ್ರೆ ಮಿಷನ್ನಿಂದ ಬಿಡಿಸೋದು ಕಷ್ಟ. ಕೊಡದಿದ್ರೆ ಹೆಚ್ಚು ಹೊತ್ತಿಲ್ಲ. ಅವರು ಮೊದ್ಲೇ ಏನಾದ್ರೂ ಹೇಳಿದ್ರಾ?" ಅಂದರು. ಏನು ಹೇಳಿದ್ದಳು? ಅದರ ಮಾತು ಬಂದಾಗೆಲ್ಲ ನಾನೇ ಎದ್ದು ದನ ಕಟ್ಟಲು ಹೋಗುತ್ತಿದ್ದೆ.

ಬಗ್ಗಿ ಕಿವಿಯ ಹತ್ತಿರ, "ನೀಲಾ, ಪೈಪ್ ಹಾಕ್ಸನಾ?" ಅಂದೆ. ಹೊದಿಕೆಯ ಒಳಗೆ ಕೈ ಬಿತ್ತು. "ಬುಡು" ಅಂತು ಡಬ್ಬಿ. ನಿನ್ನ ದನಿ, ವಾರ್ಡಿಗೆಲ್ಲ ಕೇಳುವ ಹಾಗೆ.

ನನಗೆ ತಿಳಿಯಲಿಲ್ಲ ಜಯ. ಬುಡು ಅಂದರೆ ಬೇಡ ಬುಡು ಅಂತಲೋ, ಹಾಕಿಸ್ಬುಡು ಅಂತಲೋ. ಯಾವಾಗಲೂ ಮುಖ ನೋಡಿ ತಿಳಿದುಕೊಳ್ಳುತ್ತಿದ್ದೆ. ಮುಖದ ಮೇಲೆ ಮಾಸ್ಕ್ ಇತ್ತು, ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಇನ್ನೊಂದು ಸಲ ಕೇಳಿದೆ. ಆತುರದಲ್ಲಿ ನನ್ನ ಬಾಯಿಂದ, "ಹಾಕ್ಸ್‌ಬುಡನಾ ಅಮ್ಮಿ?" ಅಂತಲೇ ಬಂದುಬಿಟ್ಟಿತು. ಮತ್ತೆ "ಬುಡು" ಅಂತು. ಡಾಕ್ಟರು ನನ್ನ ಮುಖ ನೋಡಿದರು. ಅವರು ಬೇರೆ ಸೀಮೆಯವರು, ಅವರಿಗೆ ಆ ಮಾತೇ ಅರ್ಥವಾಗಿರಲಿಲ್ಲ. "ಹಾಕ್ಸಿ ಅಂತಾಳೆ" ಅಂದೆ. ಸಹಿ ಹಾಕಿದೆ.

ಹೊರಗೆ ಬಂದು ಬೆಂಚಿನ ಮೇಲೆ ಕೂತ ಮೇಲೆ ಯೋಚನೆ ಹತ್ತಿತು. ನಾನು ಹಾಗೆ ಕೇಳಿದ್ದಕ್ಕೆ ಹಾಗೆ ಕೇಳಿಸಿತೇ? ಡಬ್ಬಿ ನನ್ನ ಹತ್ತಿರವೇ ಇದೆ. ಮೂಲೆಗೆ ಹೋಗಿ ಒತ್ತಿ ಒತ್ತಿ ಕೇಳಿದೆ. ಒಂದು ಸಲ ಬೇಡ ಅಂದ ಹಾಗೆ, ಒಂದು ಸಲ ಹಾಕಿಸು ಅಂದ ಹಾಗೆ. ನೀನು ಹೇಳುವಾಗ ಮನಸ್ಸಿನಲ್ಲಿ ಏನು ಇಟ್ಟುಕೊಂಡು ಹೇಳಿದ್ದೆ ಅಂತ ಕೇಳೋಣ ಅನ್ನಿಸಿತು. ಅದರಿಂದ ಏನು ಗೊತ್ತಾಗುತ್ತದೆ ಅಂತ ಡಬ್ಬಿಯನ್ನು ಚೀಲಕ್ಕೆ ಹಾಕಿದೆ.

ನಿನ್ನೆ ಅವಳು ಚೆನ್ನಾಗಿ ಕಣ್ಣು ಬಿಟ್ಟಳು. ನರ್ಸಮ್ಮ ರೆಪ್ಪೆಯಲ್ಲಿ ಮಾತಾಡುವುದು ಹೇಳಿಕೊಟ್ಟಿದ್ದಾರೆ. ಒಂದು ಸಲ ಮುಚ್ಚಿದರೆ ಹೂಂ, ಎರಡು ಸಲ ಮುಚ್ಚಿದರೆ ಊಹೂಂ. ಬೆನ್ನು ನೋಯ್ತದಾ ಅಂದೆ, ಹೂಂ ಅಂದಳು. ಮಗ್ಗುಲು ತಿರುಗಿಸಿದೆ. ಸೆಕೆನಾ ಅಂದೆ, ಊಹೂಂ ಅಂದಳು. ಇನ್ನು ಡಬ್ಬಿಯೂ ಬೇಕಿಲ್ಲ, ಏನು ಕೇಳಿದರೂ ಹೇಳುತ್ತಾಳೆ.

ಪೈಪ್ ಬೇಕಿತ್ತಾ ಅನ್ನುವ ಆ ಒಂದು ಮಾತು ಮಾತ್ರ ನಾನು ಕೇಳಿಲ್ಲ. ಅರಿಶಿನದ ಹೊಲದ ಮಾತಾಡುತ್ತೀನಿ. ಹಸು ಗಬ್ಬವಾಗಿರುವುದನ್ನು ಹೇಳುತ್ತೀನಿ. ಅಂಗನವಾಡಿಗೆ ಬಂದ ಹೊಸ ಟೀಚರು ಮಕ್ಕಳನ್ನು ಗದರಿಸುತ್ತಾಳಂತೆ, ಅದನ್ನೂ ಹೇಳಿದೆ. ಅವಳು ನನ್ನನ್ನೇ ನೋಡುತ್ತಾಳೆ. ನಾನು ಯಾವಾಗ ಕೇಳುತ್ತೀನಿ ಅಂತ ಕಾಯುತ್ತಿದ್ದಾಳೆ ಅಂತ ಗೊತ್ತು. ಎದ್ದು ಟೀ ಕುಡಿಯಲು ಬರುತ್ತೀನಿ. ಊಹೂಂ ಅಂದರೆ ನಾನು ಏನು ಮಾಡಲಿ ಜಯ? ತೆಗೆಯಿರಿ ಅಂತ ಯಾವ ಬಾಯಲ್ಲಿ ಹೇಳಲಿ?

ನೀನು ಅವಳ ಒಡಹುಟ್ಟಿದವನು, ಬಂದು ನೀನಾದರೂ ಕೇಳು ಅಂತ ಬರೆಯುವುದಕ್ಕೇ ಕೂತೆ. ಬರೆಯುತ್ತಾ ಬರೆಯುತ್ತಾ ಅದಕ್ಕೂ ಧೈರ್ಯ ಸಾಲದೆ ಹೋಯಿತು. ಹಬ್ಬದವರೆಗೂ ಕಾಯಬೇಡ. ಬಾ. ಪಕ್ಕದಲ್ಲಿ ಕೂತುಕೋ. ಅವಳನ್ನು ಏನೂ ಕೇಳಬೇಡ.

ಮಹಾಲಿಂಗ